ಲ್ಯಾಪ್‌ಟಾಪ್‌ಗಳ ತವರುಮನೆ

ಕಸ್ಟಮರ್ ಕೇರಿನವರು ಫೋನಿಗೆ ಸಿಕ್ಕಿದ ಕೂಡಲೇ ಸಂಜೀವಣ್ಣ ಕುರ್ಚಿಯಿಂದ ಎದ್ದು, ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದ್ದ ಮುಂಡನ್ನು ಕೆಳಗೆ ಬಿಡುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಗುಡ್ ಮಾರ್ನಿಂಗ್, ಸಂಜೀವ ಸ್ಪೀಕಿಂಗ್ ಫ್ರಮ್ ಪೆರ್ಲ” ಎನ್ನುತ್ತಿದ್ದರು. ಹೊರಗೆ ಸಂಜೆಯಾಗಿ ದೀಪ ಹಚ್ಚಿದ್ದರೂ ಅವರದು ಗುಡ್ ಮಾರ್ನಿಂಗೇ.

“ಅವರಿಗೆ ನೀವು ಕಾಣೋದಿಲ್ಲಲ್ಲ ಸಂಜೀವಣ್ಣ” ಎಂದು ನಾನೊಮ್ಮೆ ನಕ್ಕಿದ್ದೆ.

“ಕಾಣೋದಿಲ್ಲ. ಆದ್ರೆ ಮುಂಡು ಮೇಲೆ ಕಟ್ಟಿದ್ರೆ ನನ್ನ ಬಾಯಿಗೆ ಬೈಗುಳ ಬರ್ತದೆ ಮಾರಾಯ್ತಿ. ಕೆಳಗೆ ಬಿಟ್ರೆ ನ್ಯಾಯ ಬರ್ತದೆ.”

ಬೈಗುಳದ ವಿಷಯದಲ್ಲಿ ಅವರು ಪಂಡಿತರು. ಗಲ್ಫಿನ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ದೂರು ತೆಗೆದುಕೊಳ್ಳುವ ಕೌಂಟರಿನ ಹಿಂದೆ ಅವರ ಯೌವನ ಕಳೆದಿತ್ತು. “ಬೈಗುಳ ಕೇಳಿಯೇ ಸಂಬಳ ತಕ್ಕೊಂಡವ ನಾನು. ಯಾವ ಬೈಗುಳಕ್ಕೆ ಕೆಲಸ ಆಗ್ತದೆ, ಯಾವುದಕ್ಕೆ ಫೈಲು ರಾಶಿಯ ಅಡಿಗೆ ಹೋಗ್ತದೆ, ಎಲ್ಲ ಗೊತ್ತುಂಟು” ಎನ್ನುತ್ತಿದ್ದರು. ಊರಿಗೆ ಮರಳಿದ ಮೇಲೆ ಪೆರ್ಲ ಪೇಟೆಯಲ್ಲಿ, ಬೇಕರಿಯೊಂದರ ಮಾಳಿಗೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟರು. ಆ ಅಂಗಡಿಯ ಹೊಸ ಲ್ಯಾಪ್‌ಟಾಪ್‌ಗಳಿಗೆಲ್ಲ ಬೆಣ್ಣೆ ಬಿಸ್ಕತ್ತಿನ ಪರಿಮಳ.

ಮಾರುವ ಕಲೆ ಮಾತ್ರ ಅವರಿಗೆ ಬರುತ್ತಿರಲಿಲ್ಲ. ಯಾರಾದರೂ ಬಂದು ಯಾವುದು ಫಾಸ್ಟ್, ಯಾವುದರ ಬಣ್ಣ ಚಂದ ಎಂದು ಕೇಳಿದರೆ ಅವರ ಉತ್ತರ ಒಂದೇ. “ಎಲ್ಲವೂ ಹಾಳಾಗ್ತದೆ. ಹಾಳಾದ ಮೇಲೆ ಯಾರು ಬರ್ತಾರೆ ಅಂತ ಕೇಳು.” ಹೊಸ ವಸ್ತು ಕೊಳ್ಳಲು ಸಂಭ್ರಮದಿಂದ ಬಂದವರ ಮುಖ ಇಳಿದುಹೋಗುತ್ತಿತ್ತು. ಅವರ ಹೆಂಡತಿ ಯಮುನಕ್ಕ ಮಧ್ಯಾಹ್ನ ಬುತ್ತಿ ತಂದಾಗ ಇಂಥ ಮಾತು ಕಿವಿಗೆ ಬಿದ್ದರೆ ಮೆಟ್ಟಿಲಿನಿಂದಲೇ ಕೂಗುತ್ತಿದ್ದರು. “ಅಂಗಡಿ ಇಟ್ಟದ್ದು ಮಾರ್ಲಿಕ್ಕಾ, ಹೆದರಿಸ್ಲಿಕ್ಕಾ? ಮದುವೆ ಮನೆಗೆ ಹೋಗಿ ಸತ್ತವರ ಬೊಜ್ಜದ ಊಟದ ಸುದ್ದಿ ಹೇಳುವ ಜನ ಇವರು!”

ಸಂಜೀವಣ್ಣ ಕಂಪೆನಿಗಳನ್ನು ಅವುಗಳ ಹೆಸರಿನಿಂದ ಕರೆದದ್ದು ಕಡಿಮೆ. ಒಂದು ಕಂಪೆನಿಗೆ ಅವರು ‘ಗುತ್ತಿನ ಮನೆ’ ಎಂದು ಹೆಸರಿಟ್ಟಿದ್ದರು. ಊರಿನ ನ್ಯಾಯ ತೀರ್ಮಾನಿಸುವ ಹಳೆಯ ದೊಡ್ಡ ಮನೆಯ ಹಾಗೆ ಅದು ನಿಮ್ಮಲ್ಲಿಗೆ ಬರುವುದಿಲ್ಲ, ನೀವೇ ಯಂತ್ರ ಹೊತ್ತುಕೊಂಡು ಅದರ ಅಂಗಳಕ್ಕೆ ಹೋಗಿ ಕಾಯಬೇಕು. ಆದರೆ ಒಮ್ಮೆ ಒಳಗೆ ಕರೆದರೆ ನ್ಯಾಯ ಸಿಕ್ಕಿಯೇ ಸಿಗುತ್ತದೆ. ಇನ್ನೊಂದು ‘ಭಟ್ರು’. ನೀವು ಎಂತ ಹೇಳಿದರೂ ತನ್ನ ಮಂತ್ರ ಪೂರ್ತಿ ಆಗದೆ ಕೇಳಿಸಿಕೊಳ್ಳುವುದಿಲ್ಲ: ಸ್ವಿಚ್ ಆಫ್ ಮಾಡಿ, ಆನ್ ಮಾಡಿ, ಚಾರ್ಜರ್ ತೆಗೆಯಿರಿ, ಹಾಕಿರಿ. “ಪುಣ್ಯಾತ್ಮ, ಸಿಡಿಲು ಬಡಿದು ಸುಟ್ಟುಹೋಗಿದೆ ಅಂತ ಹೇಳಿದ್ರೂ ಆನ್ ಮಾಡಿ ನೋಡಿ ಅಂತಾನೆ.” ಮೂರನೆಯದು ‘ನೆಂಟ’. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಾ, ಕೊನೆಗೆ ನೀವು ಮನೆಗೆ ಬೀಗ ಹಾಕಿ ಎಲ್ಲಿಗೋ ಹೋದ ದಿನವೇ ಬಂದು ವಾಪಸ್ಸು ಹೋಗುತ್ತದೆ.

ಪೆಟ್ಟಿಗೆಯ ಮೇಲೆ ಬರೆದದ್ದನ್ನು ಅವರು ನಂಬುತ್ತಿರಲಿಲ್ಲ. “ಮೂರು ವರ್ಷ ವಾರಂಟಿ ಅಂತ ಆನೆಯಷ್ಟು ದೊಡ್ಡ ಅಕ್ಷರ. ಬ್ಯಾಟರಿಗೆ ಒಂದೇ ವರ್ಷ ಅಂತ ಇರುವೆಯಷ್ಟು ಅಕ್ಷರ. ಆನೆಗಿಂತ ಇರುವೆ ಕಚ್ಚುವುದು ಹೆಚ್ಚು.” ಆದ್ದರಿಂದ ಅವರು ಯಂತ್ರ ಕೊಳ್ಳುವ ಮೊದಲೇ ಗಿರಾಕಿಯ ಕೈಯಿಂದ ಒಂದೊಂದೇ ಕಂಪೆನಿಗೆ ಫೋನ್ ಮಾಡಿಸುತ್ತಿದ್ದರು. ಯಾರು ಬೇಗ ಎತ್ತುತ್ತಾರೆ, ಎತ್ತಿದವರು ಹೆಸರು ಹೇಳುತ್ತಾರೋ ಇಲ್ಲವೋ, ನಮ್ಮೂರಿನ ಪಿನ್ ಕೋಡ್ ಹೇಳಿದಾಗ ಎಂತ ಮಾಡುತ್ತಾರೆ, ಇವೆಲ್ಲ ಕೇಳಿಸಿಕೊಂಡೇ ವ್ಯಾಪಾರ. ಹೆಣ್ಣು ಕೊಡುವ ಮೊದಲು ಮನೆ ನೋಡುವುದಿಲ್ಲವೇ ಎಂಬುದು ಅವರ ವಾದ.

ಪಿನ್ ಕೋಡೇ ನಮ್ಮ ಕಷ್ಟ. ಪೆರ್ಲ ಇರುವುದು ಕೇರಳದ ಅಂಚಿನಲ್ಲಿ, ಅಲ್ಲಿಂದ ಬಸ್ಸು ಹತ್ತಿ ಸ್ವಲ್ಪ ದೂರ ಹೋದರೆ ಗಡಿ ದಾಟಿ ಅಡ್ಯನಡ್ಕ ಬರುತ್ತದೆ. ಅದು ಕರ್ನಾಟಕ. ಅಲ್ಲಿಗೆ ಮಂಗಳೂರಿನಿಂದ ಕಂಪೆನಿಯ ಇಂಜಿನಿಯರ್ ಬೈಕಿನಲ್ಲಿ ಬರುತ್ತಾನೆ. ಗಡಿಯ ಈಚೆಗೆ ಬರುವುದಿಲ್ಲ. ಈಚೆಯವರಿಗೆ ಕೇರಳದ ಸೆಂಟರ್. ಅವರ ಕಂಪ್ಯೂಟರಿನಲ್ಲಿ ನಮ್ಮ ಊರುಗಳಿಗೆ ‘ಸೇವೆ ಲಭ್ಯವಿಲ್ಲ’ ಎಂದು ಬರುತ್ತಿತ್ತು. ಕೇರಳದವರಿಗೆ ನಾವು ದೂರ, ಕರ್ನಾಟಕದವರಿಗೆ ನಾವು ಬೇರೆ. ಲ್ಯಾಪ್‌ಟಾಪಿಗೆ ಮಾತ್ರ ಇದು ಯಾವುದೂ ತಿಳಿಯದು, ಅದು ಎಲ್ಲಿದ್ದರೂ ಹಾಳಾಗುತ್ತದೆ.

ಇದಕ್ಕೆ ಸಂಜೀವಣ್ಣ ಒಂದು ಉಪಾಯ ಕಂಡುಹಿಡಿದಿದ್ದರು. ಯಮುನಕ್ಕನ ಅಣ್ಣ ನಾರಾಯಣ ಭಾವನ ಮನೆ ಅಡ್ಯನಡ್ಕದಲ್ಲಿತ್ತು. ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಇರುವ ಯಂತ್ರ ಮಾರಿದರೆ, ಕಂಪೆನಿಗೆ ಆ ಮನೆಯ ವಿಳಾಸ ಕೊಡುವುದು. ಹಾಳಾದಾಗ ಗಿರಾಕಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಜಗಲಿಯಲ್ಲಿ ಕುಳಿತಿರುವುದು. ಇಂಜಿನಿಯರ್ ಬಂದು ಸರಿಮಾಡಿ ಹೋಗುವುದು. ನಾರಾಯಣ ಭಾವನ ಹೆಂಡತಿ ಲಲಿತಕ್ಕ ಇಬ್ಬರಿಗೂ ಮಜ್ಜಿಗೆ ಕೊಡುವುದು. “ಬಾಣಂತನಕ್ಕೆ ತವರಿಗೆ ಹೋಗಿ ಬಂದ ಹಾಗೆ. ನಾಚಿಕೆ ಎಂತ ಉಂಟು?” ಎನ್ನುತ್ತಿದ್ದರು ಸಂಜೀವಣ್ಣ. ಕಂಪೆನಿಯ ಲೆಕ್ಕದಲ್ಲಿ ಆ ಹಂಚಿನ ಮನೆಯಲ್ಲಿ ಒಂದು ಕಾಲೇಜಿಗೆ ಸಾಲುವಷ್ಟು ಲ್ಯಾಪ್‌ಟಾಪ್‌ಗಳಿದ್ದವು. ನಿಜದಲ್ಲಿ ಅಲ್ಲಿ ಇದ್ದದ್ದು ಒಂದು ಹಳೆಯ ರೇಡಿಯೋ.

ನನ್ನ ಲ್ಯಾಪ್‌ಟಾಪಿನ ತವರೂ ಅದೇ.

ನಮ್ಮ ಮನೆ ಗಡಿಯ ಈಚೆ, ಕುಂಬ್ಡಾಜೆಯ ಗುಡ್ಡದ ಮೇಲೆ. ಅಪ್ಪ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಎರಡೂ ಕಡೆಯ ಕುಟುಂಬಗಳಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಸಣ್ಣ ದನಿಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಬಿಸಿಎ ಸೇರಿದಾಗ ಮನೆಯಲ್ಲಿ ಲ್ಯಾಪ್‌ಟಾಪ್ ಬೇಕು ಎಂದೆ. ಅಪ್ಪ ಯಾಕೆ ಎಂದು ಕೇಳಲಿಲ್ಲ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ನನ್ನ ಜೊತೆ ಪೆರ್ಲಕ್ಕೆ ಬಂದರು, ಸಂಜೀವಣ್ಣನ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಕಳಚಿ ಅಲ್ಲೇ ನಿಂತರು.

“ಒಳಗೆ ಬನ್ನಿ ಮಾರಾಯ್ರೆ, ಇದು ದೈವಸ್ಥಾನ ಅಲ್ಲ. ಇಲ್ಲಿ ಯಾವ ದೈವವೂ ನುಡಿ ಕೊಡುವುದಿಲ್ಲ, ನಾವೇ ಫೋನ್ ಮಾಡ್ಬೇಕು” ಎಂದು ಸಂಜೀವಣ್ಣ ಅಪ್ಪನನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ, ಫೋನನ್ನು ನನ್ನ ಕೈಗೆ ಕೊಟ್ಟರು.

ಆ ಕಡೆಯಿಂದ ಇಂಗ್ಲಿಷಿನಲ್ಲಿ ಸ್ವರ ಬಂತು. ಫೋನನ್ನು ಹಿಂದಕ್ಕೆ ಚಾಚಿದೆ. ಸಂಜೀವಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ಲ್ಯಾಪ್‌ಟಾಪ್ ನಿನ್ನದು, ನಾಲಗೆಯೂ ನಿನ್ನದು. ನಾನು ಎಷ್ಟು ದಿನ ಎರವಲು ಕೊಡ್ಲಿ?” ಆ ದಿನ ನಾನು ಯೆಸ್, ನೋ, ಥ್ಯಾಂಕ್ಯೂ ಮಾತ್ರ ಹೇಳಿದೆ. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ಬಸ್ಸಿನಲ್ಲಿ ಪಕ್ಕದವರಿಗೆ, “ಮಗಳು ಈಗಷ್ಟೇ ಕಂಪೆನಿಯವರ ಹತ್ರ ಇಂಗ್ಲಿಷಲ್ಲಿ ಮಾತಾಡಿ ಬಂದದ್ದು” ಎಂದು ತುಳುವಿನಲ್ಲಿ ಹೇಳುತ್ತಿದ್ದರು.

ಕೊನೆಯ ಸೆಮಿಸ್ಟರಿನಲ್ಲಿ, ಪ್ರಾಜೆಕ್ಟಿನ ವೈವಾ ಹತ್ತಿರ ಬಂದಾಗ, ಲ್ಯಾಪ್‌ಟಾಪ್ ಸತ್ತಿತು. ಒಂದು ಬೆಳಿಗ್ಗೆ ಒತ್ತಿದರೆ ದೀಪವಿಲ್ಲ, ಸದ್ದಿಲ್ಲ. ನನ್ನ ಇಡೀ ಪ್ರಾಜೆಕ್ಟು ಅದರ ಹೊಟ್ಟೆಯಲ್ಲಿತ್ತು. ಸಂಜೀವಣ್ಣ ಅದನ್ನು ಮಗುಚಿ ನೋಡಿ, “ಬೋರ್ಡು ಹೋದ ಹಾಗೆ ಕಾಣ್ತದೆ. ನಾನು ಬಿಚ್ಚಿದ್ರೆ ನಿನ್ನ ಪ್ರಾಜೆಕ್ಟು ಸಿಗ್ತದೆ, ವಾರಂಟಿ ಹೋಗ್ತದೆ. ಬಿಚ್ಚದಿದ್ರೆ ವಾರಂಟಿ ಉಂಟು, ಪ್ರಾಜೆಕ್ಟು ಅವರು ಬಂದ ಮೇಲೆ” ಎಂದರು. ಇನ್ನೊಂದು ಲ್ಯಾಪ್‌ಟಾಪ್ ನಮ್ಮ ಮನೆಯಲ್ಲಿ ಹುಟ್ಟುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. “ಅಡ್ಯನಡ್ಕಕ್ಕೆ ಕರೆಸುವ” ಎಂದು ಮುಂಡು ಕೆಳಗೆ ಬಿಟ್ಟು ಫೋನ್ ಮಾಡಿದರು.

ಈ ಸಲ ಕಂಪೆನಿ ಬೇರೆಯೇ ರಾಗ ತೆಗೆಯಿತು. ಈ ಒಂದೇ ವಿಳಾಸದಲ್ಲಿ ಬಹಳಷ್ಟು ಯಂತ್ರಗಳಿವೆ. ಅಲ್ಲಿ ಯಾವುದೋ ಕಚೇರಿಯೋ ತರಬೇತಿ ಕೇಂದ್ರವೋ ನಡೆಯುತ್ತಿರುವಂತಿದೆ. ಮನೆ ಬಳಕೆಯ ವಾರಂಟಿ ಅಲ್ಲಿಗೆ ಸಲ್ಲುವುದಿಲ್ಲ. ಆ ವಿಳಾಸದ ಎಲ್ಲ ಯಂತ್ರಗಳ ಸೇವೆಯನ್ನೂ ತಡೆಹಿಡಿಯಲಾಗಿದೆ.

ಸಂಜೀವಣ್ಣ ಫೋನ್ ಕೆಳಗಿಟ್ಟು, ಬಿಲ್ಲು ಪುಸ್ತಕ ತೆರೆದು ಅಡ್ಯನಡ್ಕದ ವಿಳಾಸ ಕೊಟ್ಟವರ ಹೆಸರುಗಳನ್ನು ಒಂದೊಂದಾಗಿ ಎಣಿಸಿದರು. ನನ್ನದೊಂದೇ ಅಲ್ಲ, ಅವರನ್ನು ನಂಬಿ ಕೊಂಡ ಎಲ್ಲರ ವಾರಂಟಿಯೂ ಒಂದೇ ಏಟಿಗೆ ಹೋಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರ ಮುಖದಲ್ಲಿ ಕಳೆ ಬಂತು.

“ನೀನು ಹೀಗೆ ಹೇಳು. ಅಡ್ಯನಡ್ಕ ನನ್ನ ತಂದೆಮನೆ, ಮದುವೆ ಆಗಿ ಈಗ ಕುಂಬ್ಡಾಜೆಗೆ ಬಂದಿದ್ದೇನೆ ಅಂತ.”

“ನನಗೆ ಮದುವೆ ಆಗಲಿಲ್ಲಲ್ಲ!”

“ಫೋನಲ್ಲಿ ಆಗ್ಲಿ. ಖರ್ಚಿಲ್ಲ.”

“ಉಳಿದವರನ್ನು ಎಂತ ಮಾಡ್ತೀರಿ? ಬಜಕೂಡ್ಲಿನ ರಿಟಾಯರ್ಡ್ ಮಾಸ್ಟ್ರಿಗೂ ಮದುವೆ ಮಾಡಿಸ್ತೀರಾ?”

ಅವರು ನಗಲಿಲ್ಲ. ನಾನೂ ನಗುವ ಸ್ಥಿತಿಯಲ್ಲಿರಲಿಲ್ಲ. ಆದರೆ ಆ ಕ್ಷಣದಲ್ಲಿ ನನಗೆ ಒಂದು ಬಗೆಯ ಸಿಟ್ಟು ಬಂತು. ಗುಡ್ಡ ಹತ್ತಿ ಇಳಿದು, ಎರಡು ಬಸ್ಸು ಬದಲಿಸಿ, ಕಾಲೇಜಿಗೆ ಹೋಗುವಾಗಲೆಲ್ಲ ನಾನು ಅರ್ಜಿಗಳಲ್ಲಿ ಬರೆದದ್ದು ಕುಂಬ್ಡಾಜೆಯ ವಿಳಾಸವನ್ನೇ. ಮಾರ್ಕ್ಸ್ ಕಾರ್ಡು ಬಂದದ್ದೂ ಅದೇ ಮನೆಗೆ. ಲ್ಯಾಪ್‌ಟಾಪಿಗೆ ಮಾತ್ರ ಆ ಮನೆ ಯಾಕೆ ಆಗುವುದಿಲ್ಲ? ಫೋನ್ ಕೊಡಿ ಎಂದೆ.

ಇಂಗ್ಲಿಷ್ ಮುಗ್ಗರಿಸುತ್ತಿತ್ತು. ಮೊದಲು ಸಿಕ್ಕಿದ ಹುಡುಗ ಅದೇ ಪಾಠ ಒಪ್ಪಿಸಿದ. ನಿಮ್ಮ ಮೇಲಿನವರನ್ನು ಕೊಡಿ ಎಂದೆ. ಹಾಡು ಕೇಳಿಸಿದರು. ಲೈನು ಕಟ್ಟಾಯಿತು. ಮತ್ತೆ ಮಾಡಿದೆ. ಸಂಜೀವಣ್ಣ ಪಕ್ಕದಲ್ಲಿ ನಿಂತು, ಬಾಯಿ ತೆರೆಯದೆ, ನನ್ನ ಪ್ರತಿ ಮಾತಿಗೂ ತಲೆ ಅಲ್ಲಾಡಿಸುತ್ತಿದ್ದರು, ತಾಳಮದ್ದಳೆಯಲ್ಲಿ ಅರ್ಥಧಾರಿಯ ಒಳ್ಳೆಯ ಮಾತು ಕೇಳಿದವರ ಹಾಗೆ. ಕೊನೆಗೆ ಮೇಲಿನ ಹುದ್ದೆಯ ಹೆಂಗಸೊಬ್ಬರು ಸಿಕ್ಕಿದರು. ಸುಳ್ಳು ವಿಳಾಸ ಯಾಕೆ ಕೊಟ್ಟಿರಿ ಎಂದು ನೇರವಾಗಿ ಕೇಳಿದರು.

“ಮೇಡಂ, ಆ ವಿಳಾಸದಲ್ಲಿ ನಾವು ಯಾರೂ ಇಲ್ಲ. ನಿಜ” ಎಂದೆ. “ಲ್ಯಾಪ್‌ಟಾಪ್ ಇರುವುದು ಕೇರಳದಲ್ಲಿ, ನನ್ನ ಮನೆಯಲ್ಲಿ. ನಿಮ್ಮ ಇಂಜಿನಿಯರ್ ಅಲ್ಲಿಗೆ ಬರುವುದಿಲ್ಲ ಎಂದು ನಿಮ್ಮ ಕಂಪ್ಯೂಟರ್ ಹೇಳುತ್ತದೆ. ಅದಕ್ಕೆ ನಾವೇ ಅವರು ಬರುವ ಜಾಗಕ್ಕೆ ಹೋಗಿ ಕಾಯುತ್ತಿದ್ದೆವು. ನಮ್ಮ ಮನೆಗೆ ಬರುತ್ತೇವೆ ಎಂದು ನೀವು ಹೇಳಿದ್ದರೆ ನಾವು ನಮ್ಮ ಮನೆಯನ್ನು ಯಾಕೆ ಅಡಗಿಸುತ್ತಿದ್ದೆವು? ನೀವು ಮಾರುವಾಗ ನಮ್ಮ ಊರನ್ನು ಬಿಟ್ಟಿಲ್ಲ.”

ಆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು. ಆಮೇಲೆ ಅವರು, ಮನೆಯ ವಿಳಾಸಕ್ಕೆ ಏನಾದರೂ ಆಧಾರ ಕಳಿಸಿ, ನೋಡುತ್ತೇನೆ ಎಂದರು. ರೇಷನ್ ಕಾರ್ಡಿನ ಫೋಟೋ ತೆಗೆದು ಕಳಿಸಿದೆ. ನೋಡುತ್ತೇನೆ ಎಂದವರು ನಿಜವಾಗಿಯೂ ನೋಡಿದರು. ಮರುದಿನ ಬಂದ ಮೆಸೇಜಿನಲ್ಲಿ ನನ್ನ ಹೆಸರಿನ ಕೆಳಗೆ ಕುಂಬ್ಡಾಜೆ ಎಂದಿತ್ತು.

ಇಂಜಿನಿಯರ್ ಕಣ್ಣೂರಿನಿಂದ ಬಂದ. ಮಲಯಾಳಂ ಮಾತಾಡುವ ತೆಳ್ಳಗಿನ ಹುಡುಗ, ಬೆನ್ನಿಗೆ ಚೀಲ. ರಬ್ಬರ್ ಮರಗಳ ನಡುವಿನ ಮಣ್ಣಿನ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ಮೇಜು ಉಂಟೇ ಎಂದು ಕೇಳಿದ. ನಮ್ಮಲ್ಲಿ ಮೇಜು ಇರಲಿಲ್ಲ. ಚಾಪೆ ಹಾಸಿ ಕೂತ. ಸಣ್ಣ ಸ್ಕ್ರೂಗಳು ಉರುಳಿ ಹೋಗದ ಹಾಗೆ ಅಮ್ಮ ಬೀಡಿ ಕಟ್ಟುವ ತಡ್ಪೆಯನ್ನು, ಆ ಅಗಲದ ಮೊರವನ್ನು, ಮುಂದಿಟ್ಟರು. ಅವನು ಒಂದೊಂದನ್ನೂ ಅದರೊಳಗೆ ಸಾಲಾಗಿ ಜೋಡಿಸಿದ. ಅಪ್ಪ ಆ ದಿನ ಕೆಲಸಕ್ಕೆ ಹೋಗಿರಲಿಲ್ಲ. ಬೆಳಿಗ್ಗೆಯೇ ಸ್ನಾನ ಮಾಡಿ ಜಗಲಿಯಲ್ಲಿ ನಿಂತಿದ್ದರು. ನಮ್ಮ ಮನೆಗೆ ಅದುವರೆಗೆ ಹೊರಗಿನವರು ಬಂದದ್ದು ವೋಟು ಕೇಳಲು, ಇಲ್ಲವೇ ಜನಗಣತಿಗೆ. ನಮ್ಮ ಕೆಲಸ ಮಾಡಿಕೊಡಲು ಒಬ್ಬ ಬಂದದ್ದು ಅದೇ ಮೊದಲು.

ಪರದೆ ಬೆಳಗಿತು. ನನ್ನ ಪ್ರಾಜೆಕ್ಟು ಇಟ್ಟಲ್ಲೇ ಇತ್ತು.

“ಎಷ್ಟು ಕೊಡ್ಬೇಕು?” ಎಂದು ಅಪ್ಪ ಕೇಳಿದರು.

“ಒನ್ನುಂ ವೇಂಡ ಚೇಟ್ಟಾ, ವಾರಂಟಿಯಲ್ಲೇ” ಎಂದ ಹುಡುಗ.

ಒಂದೂ ಬೇಡ ಎಂಬುದನ್ನು ಅಪ್ಪ ನಂಬಲಿಲ್ಲ. ವಾರಂಟಿ ಎಂಬ ಪದ ಅವರಿಗೆ ಅರ್ಥವಾದದ್ದು ಹಿತ್ತಿಲಿನಿಂದ ಒಂದು ಗೊನೆ ನೇಂದ್ರ ಬಾಳೆ ಕಡಿದು ತಂದು ಅವನ ಹೆಗಲಿಗೆ ಹೊರಿಸಿದ ಮೇಲೆ. ಕಣ್ಣೂರಿನ ಹುಡುಗ ಒಂದು ಹೆಗಲಲ್ಲಿ ಚೀಲ, ಇನ್ನೊಂದರಲ್ಲಿ ಗೊನೆ ಹೊತ್ತು ಗುಡ್ಡ ಇಳಿದ. ನಾನು ವೈವಾ ಕೊಟ್ಟೆ, ಪಾಸಾದೆ, ಒಳ್ಳೆಯ ಮಾರ್ಕಿನಲ್ಲೇ ಪಾಸಾದೆ.

ಸುದ್ದಿ ಹೇಳಲು ಹೋದಾಗ ಸಂಜೀವಣ್ಣನ ಮುಖದಲ್ಲಿ ಸಂತೋಷವೂ ಇತ್ತು, ಸ್ವಲ್ಪ ಮುನಿಸೂ ಇತ್ತು. ಅಷ್ಟು ಜತನದಿಂದ ಕಟ್ಟಿದ ಉಪಾಯವನ್ನು ನಾನು ಒಂದೇ ಫೋನಿನಲ್ಲಿ ಕೆಡವಿದ್ದೆ. “ನನ್ನ ಭಾವನ ಮನೆ ಖಾಲಿ ಮಾಡಿಸಿದಿ ಅಲ್ವಾ?” ಎಂದರು. ಮತ್ತೆ ಅವರೇ ಕುರ್ಚಿ ಎಳೆದು ನನ್ನ ಮುಂದಿಟ್ಟರು. “ಕೂತುಕೋ. ಇನ್ನು ಉಳಿದವರದ್ದೂ ಅವರವರ ಮನೆಗೇ ಬರ್ಲಿ.”

ಆ ಬೇಸಿಗೆ ಪೂರ್ತಿ ನಾವು ಅದೇ ಕೆಲಸ ಮಾಡಿದೆವು. ಒಬ್ಬೊಬ್ಬರಾಗಿ ಗಿರಾಕಿಗಳು ರೇಷನ್ ಕಾರ್ಡು ಹಿಡಿದು ಮಾಳಿಗೆ ಹತ್ತಿದರು. ಆದರೆ ಫೋನಿನಲ್ಲಿ ಮಾತಾಡುವ ಕೆಲಸವನ್ನು ಸಂಜೀವಣ್ಣ ನನಗೂ ಬಿಡಲಿಲ್ಲ, ತಾವೂ ಮಾಡಲಿಲ್ಲ. ಅವರವರೇ ಮಾತಾಡಬೇಕು. ಗೊತ್ತಿದ್ದ ಭಾಷೆಯಲ್ಲಿ, ಗೊತ್ತಿದ್ದಷ್ಟು. ಬಜಕೂಡ್ಲಿನ ಮಾಸ್ಟ್ರು ಇಂಗ್ಲಿಷ್ ವ್ಯಾಕರಣ ತಿದ್ದುತ್ತಾ ಕಂಪೆನಿಯ ಹುಡುಗಿಗೆ ಪಾಠವನ್ನೇ ಮಾಡಿದರು. ಎಲ್ಲರದ್ದೂ ಸಲೀಸಾಗಲಿಲ್ಲ. ಕೆಲವರಿಗೆ ಸೇವೆ ಲಭ್ಯವಿಲ್ಲ ಎಂದೇ ಉತ್ತರ ಬಂತು, ಮತ್ತೆ ಮತ್ತೆ ಮಾಡಬೇಕಾಯಿತು. ಆದರೂ ಮಳೆ ಬರುವ ಹೊತ್ತಿಗೆ ಆ ಕಂಪೆನಿಯ ಪಟ್ಟಿಯಲ್ಲಿ ನಮ್ಮ ಊರುಗಳು ಬಂದಿದ್ದವು.

ನಾನು ಈಗ ನಮ್ಮೂರಿನ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಸಂಜೀವಣ್ಣ ಈಗಿಲ್ಲ. ಹೃದಯದ ಕಾಯಿಲೆ ಅವರನ್ನು ಮೊದಲು ಅಂಗಡಿಯಿಂದ, ಆಮೇಲೆ ಹಾಸಿಗೆಯಿಂದ ಕರೆದುಕೊಂಡು ಹೋಯಿತು. ಕೊನೆಯ ಸಲ ನಾನು ಅವರನ್ನು ನೋಡಿದ್ದು ಪೆರ್ಲದ ಅವರ ಮನೆಯಲ್ಲಿ, ಶಾಲೆಗೆ ಹೊಸ ಕಂಪ್ಯೂಟರ್‌ಗಳು ಬಂದ ವಾರ.

ದಿಂಬಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಗಂಜಿಯ ಬಟ್ಟಲು ಮುಚ್ಚಿದ ಹಾಗೆಯೇ ಇತ್ತು. “ಊಟ ಬೇಡವಂತೆ. ಯಾರು ಹೇಳಿದ್ರೂ ಬೇಡವಂತೆ” ಎಂದು ಯಮುನಕ್ಕ ನನ್ನ ಬಳಿ ದೂರಿದರು.

“ಯಾವ ಕಂಪೆನಿಯದ್ದು ತಕ್ಕೊಂಡೆ?” ಸ್ವರ ತೆಳ್ಳಗಾಗಿತ್ತು, ಪ್ರಶ್ನೆ ಮಾತ್ರ ಹಳೆಯದೇ.

“ನಾವು ಜಗಳ ಮಾಡಿದ್ದೆವಲ್ಲ, ಅವರದ್ದೇ.”

“ಒಳ್ಳೆದಾಯ್ತು. ಜಗಳ ಕೇಳಿಯೂ ಮನೆಗೆ ಬಂದವರು. ಎಲ್ಲ ಸರಿ ಉಂಟಾ?”

“ಒಂದು ಆನ್ ಆಗುವುದಿಲ್ಲ. ಕಂಪ್ಲೇಂಟ್ ಕೊಡ್ಬೇಕಷ್ಟೆ.”

ಅವರ ಕಣ್ಣು ಅರಳಿತು. “ಇಲ್ಲಿಂದಲೇ ಕೊಡು. ಸ್ಪೀಕರ್ ಹಾಕು.”

ಹಾಕಿದೆ. ರೆಕಾರ್ಡಿನ ಸ್ವರ ಭಾಷೆ ಆರಿಸಲು ಹೇಳಿತು, ಕನ್ನಡ ಒತ್ತಿದೆ. ಘಟ್ಟದ ಮೇಲಿನ ಕನ್ನಡದಲ್ಲಿ ಒಬ್ಬ ಹುಡುಗಿ ನಮಸ್ಕಾರ ಎಂದಳು, ಹೆಸರು ಹೇಳಿದಳು, ಪಿನ್ ಕೋಡ್ ಕೇಳಿದಳು. ಹೇಳಿದೆ. ಸೇವೆ ಲಭ್ಯವಿಲ್ಲ ಎನ್ನಲಿಲ್ಲ. ನಾಡಿದ್ದು ಇಂಜಿನಿಯರ್ ಶಾಲೆಗೇ ಬರುತ್ತಾರೆ ಮೇಡಂ ಎಂದಳು. ಸಂಜೀವಣ್ಣ ಕಣ್ಣು ಮುಚ್ಚಿ ಒಂದೊಂದು ಶಬ್ದವನ್ನೂ ಕೇಳುತ್ತಿದ್ದರು. ಬೇರೇನಾದರೂ ಸಹಾಯ ಬೇಕೇ ಎಂದು ಅವಳು ಕೇಳಿದಾಗ ನಾನು ಬೇಡ ಎನ್ನುವುದರೊಳಗೆ ಅವರು ಫೋನಿನತ್ತ ಬಾಗಿದರು.

“ಮಗಳೇ, ನಿನ್ನ ಊಟ ಆಯ್ತಾ?”

ಇಂಥ ಪ್ರಶ್ನೆಗೆ ಅವಳ ಮುಂದಿನ ಪರದೆಯಲ್ಲಿ ಉತ್ತರ ಬರೆದಿರಲಿಕ್ಕಿಲ್ಲ.

“ಇಲ್ಲ ಸರ್, ಇನ್ನೂ ಬ್ರೇಕ್ ಸಿಕ್ಕಿಲ್ಲ” ಎಂದಳು, ಅದುವರೆಗಿನ ದನಿ ಬಿಟ್ಟು ತನ್ನದೇ ದನಿಯಲ್ಲಿ. “ನಿಮ್ಮದಾಯ್ತಾ?”

ಸಂಜೀವಣ್ಣ ಹೆಂಡತಿಯ ಮುಖ ನೋಡಿದರು. ಆಮೇಲೆ ಮುಚ್ಚಿಟ್ಟ ಬಟ್ಟಲಿನತ್ತ ಕಣ್ಣಿನಲ್ಲೇ ಸನ್ನೆ ಮಾಡಿ, “ತಾ ಮಾರಾಯ್ತಿ, ಒಂದು ಚಮಚ ಕೊಡು” ಎಂದರು. “ಫೋನಿನ ಈ ಮಗಳ ಹತ್ರ ಸುಳ್ಳು ಹೇಳ್ಲಿಕ್ಕೆ ಆಗುವುದಿಲ್ಲ.”